ಅಳತೆಯರಿತು ಕೊಳ್ಳಿರಿ



ವಿದ್ಯುತ್ ಮೋಟಾರುಳ್ಳ ಬೆಟ್ಟದ ಸೈಕಲ್ಲಿನಲ್ಲಿ ಪೆಡಲನ್ನು ಹೊತ್ತ ತೋಳಿಗೆ ಕ್ರ್ಯಾಂಕ್ ಎಂದು ಹೆಸರು. ಬಂಡೆಗೆ ಬಡಿದು ಅದು ಬಾಗಿದಾಗ, ಹೊಸದನ್ನು ಕೊಳ್ಳುವಲ್ಲಿ ಆತುರ ಸಲ್ಲದು.

ಮೊದಲು ನೋಡಬೇಕಾದುದು ಮೋಟಾರಿನ ಅಚ್ಚಿನ ತುದಿ. ಬಾಷ್ ಕಂಪನಿಯ ನಾಲ್ಕನೆಯ ಪೀಳಿಗೆಯ ಮೋಟಾರಿಗೆ 10 ಹಲ್ಲುಗಳ ಐಸಿಸ್ ಅಚ್ಚು. ಶಿಮಾನೊ ಇಪಿ8ಕ್ಕೆ ಬೇರೆಯೇ ಹಲ್ಲಿನ ಅಚ್ಚು. ಯಮಹಾದ ಕೆಲವು ಹಳೆಯ ಮೋಟಾರುಗಳಿಗೆ ಚೌಕ ತುದಿ. ಒಂದರದು ಇನ್ನೊಂದಕ್ಕೆ ಕೂಡದು. ಬಲವಂತದಿಂದ ಕೂಡಿಸಿದರೆ ಮೋಟಾರಿನ ಅಚ್ಚೇ ಕೆಟ್ಟೀತು.

ಎರಡನೆಯದು ಉದ್ದ. ಅಚ್ಚಿನ ನಡುವಿನಿಂದ ಪೆಡಲಿನ ನಡುವಿನವರೆಗಿನ ಈ ಅಳತೆ ಸಾಮಾನ್ಯವಾಗಿ ತೋಳಿನ ಒಳಮೈಯಲ್ಲಿ ನಮೂದಾಗಿರುತ್ತದೆ. 175 ಮಿ.ಮೀ.ಗೆ ಬದಲು 165 ಆರಿಸಿದರೆ, ಕೆಳಗಿಳಿದ ಪೆಡಲು ನೆಲದಿಂದ 10 ಮಿ.ಮೀ. ಹೆಚ್ಚು ಎತ್ತರದಲ್ಲಿರುತ್ತದೆ, ಕಲ್ಲಿನ ಹೊಡೆತ ಕಡಿಮೆ. ಕಾಲಿನ ಸನ್ನೆಬಲ ತುಸು ತಗ್ಗಿದರೂ ಮೋಟಾರು ಆ ಕೊರತೆಯನ್ನು ನೀಗುತ್ತದೆ.

ಮೂರನೆಯದು ತೋಳಿನ ಹೊರಬಾಗು. ತಿರುಗುವಾಗ ಅದು ಚೌಕಟ್ಟಿಗೆ ತಾಗಬಾರದು.

ಕೊನೆಗೆ, ತಯಾರಕರು ಹೇಳಿದಷ್ಟೇ ಬಿಗಿತಕ್ಕೆ, ಬಿಗಿತ ತೋರುವ ಸ್ಪ್ಯಾನರಿನಿಂದ ತಿರುಪನ್ನು ಬಿಗಿಯಿರಿ. ಇಳಿಜಾರಿನಲ್ಲಿ ಕಳಚಿದ ತೋಳು ಮನೆಮಗನನ್ನು ಕೆಡಹೀತು. ಹಳೆಯ ತೋಳನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗುವುದು ಜಾಣತನ.