ಮೀನು ತೋರಿಸೋ ನಕ್ಷೆ ಗುಂಡೀನೂ ತೋರಿಸ್ಲಿ

ಅಕ್ಕಂದಿರಾ, ತಂಗೀರಾ, ಈ ಸಲ ಬರೀತಿರೋದು ಅಡಿಗೆ ವಿಷ್ಯ ಅಲ್ಲ, ಕೆರೆ ವಿಷ್ಯ. ಆದ್ರೂ ತಿರುಗಾಡ್ಕಂಡು ನಮ್ಮ ಒಲೆ ಹತ್ರಕ್ಕೇ ಬರ್ತದೆ, ಸ್ವಲ್ಪ ತಾಳ್ಮೆಯಿಂದ ಓದಿ.

ಈಗ ಭಾನುವಾರ ಬಂತು ಅಂದ್ರೆ ನಮ್ಮೂರ ಕೆರೆ ಏರಿ ಮೇಲೆ ಬೈಕುಗಳ ಸಾಲು. ಬೆಂಗ್ಳೂರಿಂದ, ಮೈಸೂರಿಂದ ಹುಡುಗ್ರು ದುಬಾರಿ ಗಾಳ ಹಿಡ್ಕಂಡು ಬರ್ತಾರೆ. ಅವ್ರಿಗೆ ಯಾರೂ ದಾರಿ ಹೇಳ್ಬೇಕಿಲ್ಲ. ಮೊಬೈಲ್ ಮ್ಯಾಪಲ್ಲಿ ಯಾರೋ ಗುರುತು ಹಾಕವ್ರೆ, ಇಲ್ಲಿ ಕೊರವ ಬೀಳ್ತದೆ, ಅಲ್ಲಿ ಜಿಲೇಬಿ ಸಿಕ್ತದೆ ಅಂತ. ಊರಲ್ಲಿ ಇದಕ್ಕೆ ಎರಡು ಪಾರ್ಟಿ ಆಗವೆ. ದೊಡ್ಡೋರು "ನಮ್ಮ ಕೆರೆ ಕಂಡೋರಿಗೆಲ್ಲ ಯಾಕೆ ತೋರಿಸ್ಬೇಕು, ಅಳಿಸ್ರಿ ಅದನ್ನ" ಅಂತಾರೆ. ಹುಡುಗ್ರು "ಜನ ಬಂದ್ರೆ ಟೀ ಅಂಗ್ಡಿಗೆ ವ್ಯಾಪಾರ, ಊರಿಗೆ ಹೆಸರು" ಅಂತಾರೆ. ನಾನು ಎರಡು ಪಾರ್ಟಿಗೂ ಸೇರಲ್ಲ. ನಕ್ಷೆ ಇರ್ಲಿ. ಆದ್ರೆ ಮೀನು ಎಲ್ಲೈತೆ ಅಂತ ತೋರ್ಸಿ ಗುಂಡಿ ಎಲ್ಲೈತೆ ಅಂತ ತೋರಿಸ್ದೇ ಇರೋ ನಕ್ಷೆ ಅರ್ಧ ನಕ್ಷೆ. ಅರ್ಧ ನಕ್ಷೆ ನಂಬ್ಕಂಡು ನೀರಿಗಿಳಿದ್ರೆ ಜೀವ ಹೋಗ್ತದೆ.

ಕೆರೆ ಕಟ್ಟಿದ ಹಿರೀಕರ ಲೆಕ್ಕ ಸುಲಭವಾಗಿತ್ತು. ಹಿನ್ನೀರಿನ ಕಡೆಯಿಂದ ಏರಿ ಕಡೆಗೆ ನೆಲ ನಿಧಾನಕ್ಕೆ ಇಳೀತಾ ಹೋಗಿ, ತೂಬಿನ ಹತ್ರ ಎಲ್ಲಕ್ಕಿಂತ ಆಳ. ಚಿಕ್ಕ ಮಕ್ಕಳಿಗೂ ಅದು ಗೊತ್ತಿತ್ತು. ಈಗ? ಜೆಸಿಬಿ ಬಂತು. ಇಟ್ಟಿಗೆ ಗೂಡಿಗೆ, ಲೇಔಟಿಗೆ, ತೋಟಕ್ಕೆ ಅಂತ ಸಿಕ್ಕಸಿಕ್ಕಲ್ಲಿ ಮಣ್ಣು ತೆಗೆದ್ರು. ಹೂಳೆತ್ತೋದಕ್ಕೆ ನನ್ನ ತಕರಾರಿಲ್ಲ, ಸಮನಾಗಿ ಎತ್ತಿದ್ರೆ ಒಳ್ಳೇದೇ. ಇವ್ರು ಮಾಡಿರೋದು ಬಾವಿ ತೋಡಿದಂಗೆ, ನೆಟ್ಟಗೆ ಗೋಡೆ ಇಳಿದ ಗುಂಡಿಗಳು. ಮಳೆ ಬಿದ್ದು ನೀರು ತುಂಬಿದ ಮೇಲೆ ಎಲ್ಲಾ ಒಂದೇ ಸಮ ಕಾಣ್ತದೆ. ಒಂದು ಹೆಜ್ಜೆ ಮೊಣಕಾಲುದ್ದ, ಮುಂದಿನ ಹೆಜ್ಜೆ ಎರಡಾಳುದ್ದ. ಪಕ್ಕದೂರಲ್ಲಿ ಬಟ್ಟೆ ಒಗೀತಿದ್ದ ತಾಯಿ ಕಣ್ಣೆದುರಿಗೇ ಮಗ ಹೋದ. ಬೇಸಿಗೆ ರಜಾ ಬಂದ್ರೆ ಇಂಥ ಸುದ್ದಿ ಪೇಪರಲ್ಲಿ ಓದೋದು ನಮಗೆಲ್ಲ ಅಭ್ಯಾಸವೇ ಆಗ್ಬಿಟ್ಟೈತೆ. ಒಬ್ಬನನ್ನ ಎಳೆಯಕ್ಕೆ ಹೋಗಿ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ.

ಪೂರ್ತಿ ನಕ್ಷೆ ಹೆಂಗಿರ್ತದೆ ಅಂತ ನಾನು ಕಂಡಿದ್ದು ಮಗಳ ಬಾಣಂತನಕ್ಕೆ ಅಮೆರಿಕದ ಮಿನ್ನೆಸೋಟಕ್ಕೆ ಹೋದಾಗ. ಅದು ಕೆರೆಗಳದೇ ರಾಜ್ಯ. 10 ಎಕರೆಗಿಂತ ದೊಡ್ಡವೇ 11,842 ಅವೆ. ಅಲ್ಲಿ ಗಾಳ ಹಾಕೋದು ಅಂದ್ರೆ ನಮ್ಮಲ್ಲಿ ಜಾತ್ರೆ ಇದ್ದಂಗೆ. ಅಲ್ಲಿನ ಸರ್ಕಾರದ ಇಲಾಖೆ ಕೆರೆಗಳ ಆಳದ ನಕ್ಷೆ ಮಾಡಿ ಪುಕ್ಕಟೆ ಇಟ್ಟೈತೆ. ರಂಗೋಲಿ ಎಳೆದಂಗೆ ಒಂದರೊಳಗೊಂದು ಗೆರೆ, ಪ್ರತಿ ಗೆರೆ ಮೇಲೆ ಎಷ್ಟು ಅಡಿ ಆಳ ಅಂತ ಬರೆದಿರ್ತದೆ. ಗೆರೆಗಳು ಹತ್ತತ್ರ ಇದ್ರೆ ಅಲ್ಲಿ ದಡ ದಿಢೀರನೆ ಇಳೀತದೆ ಅಂತ ಅರ್ಥ. ಗಾಳ ಹಾಕೋನಿಗೆ ಅಲ್ಲಿ ಮೀನು ನಿಲ್ತದೆ ಅಂತ ಗೊತ್ತಾಗ್ತದೆ, ತಾಯಿಗೆ ಅಲ್ಲಿ ಮಗು ಬಿಡಬಾರ್ದು ಅಂತ ಗೊತ್ತಾಗ್ತದೆ. ಗೆರೆ ಒಂದೇ, ಉಪಯೋಗ ಎರಡು.

ಆ ಕೆರೆಯಲ್ಲಿ ಯಾವ ಮೀನು ಐತೆ, ಯಾವ ತಿಂಗಳಲ್ಲಿ ಹಿಡೀಬಾರ್ದು ಅನ್ನೋದನ್ನೂ ಇಲಾಖೆಯೇ ಹೇಳ್ತದೆ. ಮೊಟ್ಟೆ ಇಡೋ ಕಾಲಕ್ಕೆ ಕೆಲವು ಮೀನು ಹಿಡಿಯೋದು ಬಂದ್. ನಮ್ಮಲ್ಲಿ ನೋಡಿ, ಕೊರವ ಮರಿ ಮಾಡಿದಾಗ ಮರಿಗಳು ಕೆಂಪಗೆ ಗುಂಪುಗುಂಪಾಗಿ ತೇಲ್ತವೆ, ಕೆಳಗೇ ತಾಯ್ತಂದೆ ಕಾವಲಿರ್ತವೆ. ಆ ಕೆಂಪು ನೋಡ್ಕಂಡೇ ಗಾಳ ಬಿಡ್ತಾರೆ. ದೊಡ್ಡದು ಹೋದ್ರೆ ಮರಿಗಳೆಲ್ಲ ಬೇರೆ ಮೀನಿನ ಬಾಯಿಗೆ.

ಈಗ ಒಲೆ ಹತ್ರ ಬರೋಣ. ಮಿನ್ನೆಸೋಟದ ಆರೋಗ್ಯ ಇಲಾಖೆ ಗರ್ಭಿಣಿಯರಿಗೆ, ಹಾಲೂಡಿಸೋರಿಗೆ, 15 ವರ್ಷದೊಳಗಿನ ಮಕ್ಕಳಿಗೆ ಬೇರೆ ಪಟ್ಟಿ ಕೊಡ್ತದೆ: ಯಾವ ಮೀನು ವಾರಕ್ಕೆ ಎಷ್ಟು ಸಲ, ಯಾವುದು ತಿಂಗಳಿಗೆ ಎಷ್ಟು ಸಲ ತಿನ್ಬೋದು ಅಂತ. ಕಾರಣ ಪಾದರಸ. ಬೇರೆ ಮೀನು ತಿಂದು ಬದುಕೋ ದೊಡ್ಡ ಮೀನಲ್ಲಿ ಅದು ಜಾಸ್ತಿ ಸೇರಿರ್ತದೆ. ಅರಿಶಿನ ಉಪ್ಪು ಹಾಕಿ ಎಷ್ಟು ತಿಕ್ಕಿ ತೊಳೆದ್ರೂ, ಎಷ್ಟು ಕುದಿಸಿದ್ರೂ ಹೋಗಲ್ಲ. ಮೀನು ಬಿಡಿ ಅಂತ ಅವ್ರು ಹೇಳಲ್ಲ, ಮೀನು ಒಳ್ಳೇದು, ಆರಿಸಿ ತಿನ್ನಿ ಅಂತಾರೆ. ಆರಿಸಕ್ಕೆ ನಮಗೆ ಏನು ಗೊತ್ತು? 2016ರ ಮಾರ್ಚ್‌ನಲ್ಲಿ ಬೆಂಗ್ಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ವು, ನೆನಪೈತಲ್ಲ? ಸತ್ತ ಮೀನು ಕಣ್ಣಿಗೆ ಕಾಣ್ತದೆ. ಕೊಳಚೆ ನೀರಲ್ಲೇ ಬದುಕ್ಕಂಡಿರೋ ಮೀನು ಬುಟ್ಟೀಲಿ ಮನೆ ಬಾಗಿಲಿಗೆ ಬಂದ್ರೆ ಯಾವ ಕೆರೇದು ಅಂತ ಹೆಂಗೆ ಕಂಡುಹಿಡೀತೀರಿ? ಮುದ್ದೆ ಜೊತೆ ಸಾರು ಬಿಡೋರು ನಾವು, ಕೇಳೋ ಹಕ್ಕೂ ನಮಗೇ ಐತೆ.

"ಅಮೆರಿಕದ ಮಾತು ಇಲ್ಲಿ ಯಾಕೆ, ಅವ್ರತ್ರ ದುಡ್ಡೈತೆ, ಮಿಷಿನ್ ಐತೆ" ಅಂತಾರೆ ನಮ್ಮನೆಯವ್ರು. ಅಲ್ಲ ಕಣ್ರೀ, ಅವ್ರ ಕೆರೆ ಬತ್ತಲ್ಲ, ಅದಕ್ಕೆ ಮಿಷಿನ್ ಬೇಕು. ನಮ್ಮ ಕೆರೆ ಏಪ್ರಿಲ್, ಮೇ ತಿಂಗಳಲ್ಲಿ ಹೊಟ್ಟೆ ಬಿಟ್ಕಂಡು ಮಲಗಿರ್ತದೆ. ಗುಂಡಿ ಕಣ್ಣಿಗೇ ಕಾಣ್ತದೆ. ಒಂದು ಹಗ್ಗ, ನಾಲ್ಕು ಗೂಟ, ಸುಣ್ಣ ಇದ್ರೆ ಸಾಕು. ನರೇಗಾದಲ್ಲಿ ಅದೇ ಕೆರೆ ಹೂಳು ಹೊತ್ತ ಹೆಂಗಸ್ರು ನಮ್ಮಲ್ಲೇ ಎಷ್ಟೋ ಜನ ಅವ್ರೆ. ಎಲ್ಲಿ ಎಷ್ಟಾಳು ಆಳ ಅಂತ ಇಂಜಿನಿಯರಿಗಿಂತ ಅವ್ರಿಗೇ ಚೆನ್ನಾಗಿ ಗೊತ್ತು. ಸರ್ಕಾರದ ದಿಶಾಂಕ್ ಆ್ಯಪಲ್ಲಿ ಕೆರೆ ಸರ್ವೆ ನಂಬರ್ ಸಿಕ್ತದೆ. ಒತ್ತುವರಿ ಹಿಡಿಯಕ್ಕೆ ಅದು ಬೇಕು, ಸರಿ. ನೀರಿನ ಕೆಳಗೆ ಏನೈತೆ ಅಂತ ಮಾತ್ರ ಅದರಲ್ಲಿ ಕಾಣಲ್ಲ.

"ನಕ್ಷೆ ಹಾಕಿದ್ರೆ ಹೊರಗಿನೋರು ಇನ್ನೂ ಜಾಸ್ತಿ ಬರ್ತಾರೆ" ಅನ್ನೋ ಭಯವೂ ಐತೆ. ಅವ್ರು ಆಗ್ಲೇ ಬಂದವ್ರೆ. ಗುತ್ತಿಗೆ ಹಿಡಿದೋರು ದುಡ್ಡು ಹಾಕಿ ಕಾಟ್ಲಾ, ರೋಹು ಮರಿ ಬಿಟ್ಟಿರ್ತಾರೆ, ಇವ್ರು ಕೇಳದೆ ಹಿಡ್ಕಂಡು ಹೋಗಿ ಜಗಳ ಆಗ್ತಿರೋದೂ ಹೊಸದಲ್ಲ. ಗುತ್ತಿಗೆ ಯಾರದ್ದು, ಯಾರನ್ನ ಕೇಳಿ ಗಾಳ ಹಾಕ್ಬೇಕು ಅಂತ ಅದೇ ಬೋರ್ಡಲ್ಲಿ ಬರೆದ್ರೆ ಜಗಳವೂ ತಪ್ತದೆ.

ಆದ್ರಿಂದ ಈ ಸಲ ಮಹಿಳಾ ಗ್ರಾಮ ಸಭೆಗೆ ಹಾಜರಿ ಸಹಿಗೆ ಅಂತ ಹೋಗ್ಬೇಡಿ, ಮೂರು ಮಾತು ಕೇಳಕ್ಕೆ ಹೋಗಿ. ಮಳೆ ಬರೋಕೆ ಮುಂಚೆ ಗುಂಡಿ ಅಳೆದು, ಏರಿ ಮೇಲೆ ದೊಡ್ಡದಾಗಿ ಕೆರೆ ನಕ್ಷೆ ಬರೆಸಿ. ಮಣ್ಣು ತೆಗೆಯೋರಿಗೆ ಎಲ್ಲಿ, ಎಷ್ಟು ಆಳ ಅಂತ ಗೆರೆ ಹಾಕಿಕೊಡಿ. ವರ್ಷಕ್ಕೊಂದು ಸಲ ನೀರು, ಮೀನು ಪರೀಕ್ಷೆ ಮಾಡ್ಸಿ ಫಲಿತಾಂಶ ಅದೇ ಬೋರ್ಡಿಗೆ ಅಂಟಿಸಿ. ಕೇಳಿದ್ದನ್ನ ನಡಾವಳಿ ಪುಸ್ತಕದಲ್ಲಿ ಬರೆಸ್ದೆ ಮಾತ್ರ ಎದ್ದು ಬರ್ಬೇಡಿ. ಬಾಯಿಮಾತಲ್ಲಿ ಆಯ್ತು ಅಂದಿದ್ದು ಯಾವತ್ತೂ ಆಗಿಲ್ಲ.