ಭಾಗ 4: ಆ ಡಬ್ಬಿಯಾಗ ಏನೈತಿ?

ದೋಸ್ತರಾ, ಏಪ್ರಿಲ್ ಬಂತಂದ್ರ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಅಂಗಳದಾಗ ಬರಿಗಾಲು ಇಡಾಕ ಆಗಂಗಿಲ್ಲ. ಅಂಥಾ ಬಿಸಿಲಾಗ ನೀವು ‘ಫ್ಯಾಟ್ ಬರ್ನರ್’ ನುಂಗಿ ಮಲಪ್ರಭಾ ದಂಡಿಗುಂಟ ಓಡಾಕ ಹೊಂಟೀರಿ.

ಅಮೆರಿಕದ ಬೇಸ್‌ಬಾಲ್ ಆಟಗಾರ ಸ್ಟೀವ್ ಬೆಕ್ಲರ್‌ಗೆ 23 ವರ್ಷ. ತೂಕ ಇಳಿಸಾಕ ಎಫೆಡ್ರಾ ಗುಳಿಗೆ ತಗೋತಿದ್ದ, ಊಟಾನೂ ಬಿಟ್ಟಿದ್ದ. 2003ರ ಫೆಬ್ರವರಿಯಲ್ಲಿ ಅಭ್ಯಾಸದ ವೇಳೆ ಕುಸಿದು, ಮರುದಿನ ಬಿಸಿಲಾಘಾತದಿಂದ ತೀರಿಕೊಂಡ. ಎಫೆಡ್ರಾ ಮೈಯೊಳಗೆ ಶಾಖ ಹೆಚ್ಚಿಸುತ್ತದೆ, ಚರ್ಮದ ರಕ್ತನಾಳ ಬಿಗಿಸುತ್ತದೆ. ಒಳಗಿನ ಶಾಖ ಹೊರಗ ಹೋಗಂಗಿಲ್ಲ. ಅಲ್ಲಿ ಅದಕ್ಕೆ ನಿಷೇಧ ಬಂದದ್ದು 2004ರಲ್ಲಿ, ಹುಡುಗ ಹೋದಮ್ಯಾಲೆ.

ನಮ್ಮ ಉಡುಪಿ ಕಡೆಯ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ಗೆದ್ದವರು. 2011ರಲ್ಲಿ ಡೋಪ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್ಸೆಂಗ್‌ನಿಂದ ಹಿಂಗಾತು ಅಂದ್ರು. ಆದ್ರೂ ಎರಡು ವರ್ಷ ನಿಷೇಧ, ಲಂಡನ್ ಒಲಿಂಪಿಕ್ಸೂ ಹೋಯ್ತು.

ದೊಡ್ಡ ಕೋಚ್ ಇದ್ದವರ ಪಾಡೇ ಹಿಂಗ. ನಿಮಗ ಡಬ್ಬಿ ಕೊಟ್ಟಾಂವ ಜಿಮ್ಮಿನ ಅಣ್ಣ, ಬಿಲ್ಲೂ ಇಲ್ಲ! ಮುಂಜಾನೆ ಆರಕ್ಕ ಓಡ್ರಿ. ಯಾರರೆ ತೂರಾಡಿದ್ರ, ಮಾತು ತೊದಲಿದ್ರ ನೆರಳಿಗೆ ಒಯ್ದು ಮೈಮ್ಯಾಲೆ ನೀರು ಸುರೀರಿ, 108ಕ್ಕ ಫೋನ್ ಹಚ್ಚರಿ. ಮತ್ತ ಆ ಡಬ್ಬಿ ಫೋಟೋ ಕಳಿಸ್ರಿ, ಲೇಬಲ್ ಕೂಡಿ ಓದೋಣು.