ಹದ ಯಾರಪ್ಪನ ಆಸ್ತಿ?

ಗಂಜಾಂನ ನಿಮಿಷಾಂಬ ದರ್ಶನ ಮುಗಿಸಿಕೊಂಡು ಬೆಂಗಳೂರಿಗೆ ವಾಪಸಾಗೋ ನಮ್ಮಂಥವರು ದಾರಿಯಲ್ಲಿ ಆಲೆಮನೆ ಕಂಡರೆ ಕಾರು ನಿಲ್ಲಿಸ್ತೀವಿ. ಬಿಸಿ ಬೆಲ್ಲ ಬಾಯಿಗಿಟ್ಟು, ಕೊಪ್ಪರಿಗೆ ಮುಂದೆ ಸೆಲ್ಫಿ ತಗೊಂಡು ಹೊರಡ್ತೀವಿ. ಆ ಹೊಗೆಯಲ್ಲಿ ನಿಂತು ಪಾಕದ ಹದ ನೋಡೋನ ಹೆಸರು ಕೇಳಿದವರು ಎಷ್ಟು ಜನ?

ಈಗ ಅವನನ್ನ ಕೇಳೋಕೆ ನಮ್ಮ ಇಂಡಸ್ಟ್ರಿಯೇ ಬರ್ತಿದೆ. ಹೆಸರನ್ನಲ್ಲ, ಹದವನ್ನ. ಇಂಥದ್ದೊಂದು ಪ್ರಾಜೆಕ್ಟಿನ ಮೀಟಿಂಗಿನಲ್ಲಿ ನಾನೂ ಕೂತಿದ್ದೆ. "ಅವನ ತಲೆಯಲ್ಲಿರೋದನ್ನ ಎರಡು ದಿನದಲ್ಲಿ ಕ್ಯಾಪ್ಚರ್ ಮಾಡಿ" ಅಂದರು. ಹೋಗಿ ಕೇಳಿದೆ: "ಎಷ್ಟು ಡಿಗ್ರಿಗೆ ಇಳಿಸ್ತೀರಣ್ಣ?"

"ಕಬ್ಬು ಯಾವ ಗದ್ದೇದು ಹೇಳು ಮೊದ್ಲು" ಅಂದ.

ಪುಸ್ತಕದಲ್ಲಿ 115ರಿಂದ 120 ಡಿಗ್ರಿ ಅಂತಿದೆ. ಆದರೆ ಚೌಳು ನೆಲದ ಕಬ್ಬೇ ಬೇರೆ, ಬಲಿಯದ ಕಬ್ಬೇ ಬೇರೆ, ಕಡಿದು ಎರಡು ದಿನ ಬಿಸಿಲಿಗೆ ಬಿದ್ದ ಕಬ್ಬೇ ಬೇರೆ. ಅವನು ನೊರೆಯ ಬಣ್ಣ ನೋಡ್ತಾನೆ, ಪಾಕ ಕುದಿಯೋ ಸದ್ದು ಕೇಳ್ತಾನೆ, ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಉಂಡೆ ಕಟ್ತಾನೆ. ಆ ಬೆರಳಿಗೆ ಗೊತ್ತಿರೋದು ಅವನ ಬಾಯಿಗೇ ಪೂರ್ತಿ ಗೊತ್ತಿಲ್ಲ.

ಇದೇನು ಹೊಸ ತಲೆನೋವಲ್ಲ. 1970ರ ದಶಕದಲ್ಲೇ ಸ್ಟ್ಯಾನ್‌ಫರ್ಡ್‌ನಲ್ಲಿ, ರಕ್ತದ ಸೋಂಕಿಗೆ ಔಷಧ ಸೂಚಿಸೋ 'ಮೈಸಿನ್' ಅನ್ನೋ ಸಿಸ್ಟಂ ಕಟ್ಟಿದರು. ವೈದ್ಯರನ್ನ ಕೇಳಿ ಕೇಳಿ ನೂರಾರು ನಿಯಮ ಬರೆದರು. ಪರೀಕ್ಷೆಯಲ್ಲಿ ಅದು ತಜ್ಞರ ಸಮಕ್ಕೆ ನಿಂತರೂ ಆಸ್ಪತ್ರೆಯ ದಿನನಿತ್ಯದ ಬಳಕೆಗೆ ಬರಲೇ ಇಲ್ಲ. ಆದರೆ ಅಲ್ಲೊಂದು ಮರ್ಯಾದೆ ಇತ್ತು: ತಿಳಿವಳಿಕೆ ಕೊಟ್ಟ ವೈದ್ಯರ ಹೆಸರು ಸಂಶೋಧನಾ ಲೇಖನದ ಮೇಲಿತ್ತು. ನಮ್ಮ ಸ್ಪ್ರೆಡ್‌ಶೀಟಿನಲ್ಲಿ ಆಲೆಮನೆಯವನು ಬರೀ 'ಸೋರ್ಸ್ 3'. ನಾವು ಬರೆದ ಕೋಡಿನ ಒಂದೊಂದು ಸಾಲಿಗೂ ಗಿಟ್‌ನಲ್ಲಿ ಹೆಸರು ಉಳಿಸ್ಕೋತೀವಿ, ನೆನಪಿರಲಿ.

ದಾಖಲಿಸಬೇಡಿ ಅಂತಲ್ಲ ನನ್ನ ವಾದ. ಅವನ ಮಗ ಆ ಹೊಗೆಗೆ ಬರಲ್ಲ; ಬರಬೇಕು ಅನ್ನೋ ಯೋಗ್ಯತೆ ಊರು ಬಿಟ್ಟ ನನಗಿಲ್ಲ. ದಾಖಲಿಸದಿದ್ರೆ ಹದ ಅವನ ಜೊತೆಗೇ ಹೋಗುತ್ತೆ. ಆದರೆ ಸೂಟು ಹಾಕ್ಕೊಂಡು ಹೇಳಿದ್ರೆ ಕನ್ಸಲ್ಟಿಂಗ್ ಫೀಸು, ಪಂಚೆ ಉಟ್ಕೊಂಡು ಹೇಳಿದ್ರೆ ಒಂದು ಟೀ: ಇದ್ಯಾವ ನ್ಯಾಯ ಸ್ವಾಮಿ?

ಕಲಿಸಿದ ದಿನಗಳಿಗೆ ಅವನಿಗೂ ಫೀಸು ಕೊಡಿ. ಪ್ರಾಡಕ್ಟ್ ಮಾರಿದ್ರೆ ಪಾಲು ಕೊಡಿ. ನಿಯಮ ತಪ್ಪು ಅಂತ ಅವನಂದ್ರೆ ರಿಲೀಸ್ ನಿಲ್ಲಿಸಿ. ಯಾಕಂದ್ರೆ ಪಾಕ ಕೆಟ್ಟರೆ ನಮಗದು ಒಂದು ಬಗ್. ಅವನಿಗೆ ಒಂದು ಕೊಪ್ಪರಿಗೆ ಬೆಲ್ಲ.